ಖಜಾನೆ ಬಾರದ ದಿನ

ನಮ್ಮೂರಿನ ಖಜಾನೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ಹೊತ್ತು ಹುಟ್ಟುವಾಗ ಬಂದು ಹೊತ್ತು ಮುಳುಗುವಾಗ ಹೋಗುತ್ತದೆ. ಉಳಿದ ದಿನಗಳಲ್ಲಿ ಅದು ನಿಲ್ಲುವ ಜಾಗ ಬರೀ ಬಯಲು. ಆಡು ಮೇಯುತ್ತವೆ, ಹೆಂಗಸರು ಮೆಣಸಿನಕಾಯಿ ಒಣಹಾಕುತ್ತಾರೆ, ಹುಡುಗರು ಲಗೋರಿ ಆಡುತ್ತಾರೆ. ಖಜಾನೆ ಬರುವ ಹಿಂದಿನ ಸಂಜೆ ಮೆಣಸಿನಕಾಯಿ ಬಾಚಿಕೊಂಡು, ಆಡುಗಳನ್ನು ಹೊಡೆದುಕೊಂಡು ಬರಬೇಕು, ಅಷ್ಟೇ. ಬೆಳಗಾಗಿ ನೋಡಿದರೆ ಕಲ್ಲಿನ ಕಟ್ಟಡ, ಹಸಿರು ಬಾಗಿಲು, ಸರಳು ಹಾಕಿದ ಕಿಟಕಿ, ಒಳಗೆ ಮೂರು ಜನ ಗುಮಾಸ್ತರು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ನಮ್ಮತ್ತೆ, "ಯಾಕೆ ಹಂಗೆ ನೋಡ್ತೀಯೆ, ನಿಮ್ಮೂರಲ್ಲಿ ಖಜಾನೆ ಇರಲಿಲ್ವಾ?" ಅಂದರು. "ಇತ್ತು ಅತ್ತೆ, ಆದ್ರೆ ಅದು ನಿಂತಲ್ಲೇ ನಿಂತಿರ್ತಿತ್ತು" ಅಂದೆ. ಅವರಿಗೆ ಅದೇ ವಿಚಿತ್ರ ಅನ್ನಿಸಿತು.

ನಮ್ಮ ಮೂರು ತಿಂಗಳು ಖಜಾನೆಯವರಿಗೆ ಒಂದು ರಾತ್ರಿ. ಮುಂದಿನ ಕಿಟಕಿಯಲ್ಲಿ ಕೂರುವ ಕನ್ನಡಕದ ಗುಮಾಸ್ತ ನಾನು ಹೊಸ ಸೊಸೆಯಾಗಿದ್ದಾಗ ನನ್ನನ್ನು "ಏನು ತಂಗಿ" ಅಂತ ಮಾತಾಡಿಸುತ್ತಿದ್ದ. ಆಮೇಲೆ ಅಕ್ಕ ಅಂದ, ಅಮ್ಮ ಅಂದ. ಈಗ "ಬನ್ನಿ ಅಜ್ಜಿ, ನಿನ್ನೆ ತಾನೇ ಬಂದಿದ್ರಲ್ಲ" ಅನ್ನುತ್ತಾನೆ. ಅವನ ತಲೆಯಲ್ಲಿ ಒಂದು ಕೂದಲೂ ನರೆತಿಲ್ಲ. ಪಾಪ, ಅವನ ಲೆಕ್ಕದಲ್ಲಿ ಇದೆಲ್ಲ ಆಗಿ ಅರ್ಧ ವರ್ಷವೂ ಆಗಿಲ್ಲ.

ನಾವು ಬಾಡಿಗೆ ಗಿರಣಿಯಲ್ಲಿ ರಾಗಿ, ಜೋಳ ಬೀಸಿಕೊಡುವ ಜನ. ನಮ್ಮೆಜಮಾನರು ಹೋದ ಮೇಲೆ ಗಿರಣಿ ನನ್ನ ಮಗ ಮಾದೇಶನ ಕೈಗೆ ಬಂತು. ಸ್ವಂತದ್ದೊಂದು ಗಿರಣಿ ಮಾಡಿಕೊಳ್ಳಬೇಕು ಅಂತ ಚೀಟಿ ಕಟ್ಟಿದ್ದೆವು. ಚೀಟಿ ನಡೆಸುತ್ತಿದ್ದವನು ಒಂದು ಬೆಳಿಗ್ಗೆ ಹೆಂಡತಿ ಮಕ್ಕಳನ್ನೂ ಕರಕೊಂಡು ಊರು ಬಿಟ್ಟ. ಆಗ ಸುಗುಣ ನಮ್ಮ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾದೇಶ ಎರಡು ದಿನ ಅನ್ನ ಬಿಟ್ಟು ಕೂತಾಗ ಅವಳೇ ತಟ್ಟೆ ಮುಂದಿಟ್ಟು ಹೇಳಿದಳು: "ಊಟ ಮಾಡಿ. ಇನ್ಮೇಲೆ ಖಜಾನೆ ಬಿಲ್ಲು ತಗೊಳ್ಳೋಣ."

"ಅದು ದೊಡ್ಡೋರಿಗೆ ಕಣೆ" ಅಂದ ಮಾದೇಶ.

"ದೊಡ್ಡೋರು ಚಿಕ್ಕೋರು ಅಂತ ಬಿಲ್ಲಿನ ಮೇಲೇನು ಬರೆದಿಲ್ಲ. ಹತ್ತು ಸಾವಿರದ ಬಿಲ್ಲನ್ನ ಒಂಬತ್ತು ಸಾವಿರದ ಎಂಟುನೂರಕ್ಕೆ ಕೊಡ್ತಾರೆ. ಖಜಾನೆ ಮುಂದಿನ ಸಲ ಬಂದಾಗ ಪೂರ್ತಿ ಹತ್ತು ಸಾವಿರ ಕೈಗೆ ಕೊಡ್ತಾರೆ. ಸಾಲ ತಗೊಂಡಿರೋದು ಸರ್ಕಾರ. ಸರ್ಕಾರ ಹೆಂಡತಿ ಮಕ್ಕಳನ್ನ ಕರಕೊಂಡು ಎಲ್ಲಿಗೆ ಓಡಿಹೋಗುತ್ತೆ?"

ಆ ಮಾತಿಗೆ ಮಾದೇಶ ನಕ್ಕುಬಿಟ್ಟ. ಊಟವನ್ನೂ ಮಾಡಿದ. ಹೀಗೆ ಶುರುವಾಯಿತು. ಮೊದಲು ಒಂದು, ಆಮೇಲೆ ಎರಡು, ಎಲ್ಲ ಸುಗುಣನ ಹೆಸರಲ್ಲಿ. ಆಮೇಲೆ ನನ್ನ ಹೆಸರಲ್ಲೂ ಒಂದು ತಗೊಂಡಳು, ಅದು ಆರು ತಿಂಗಳಿನದು, ಇನ್ನೂ ಸ್ವಲ್ಪ ಕಡಿಮೆಗೆ ಸಿಕ್ಕಿತು. ನಮ್ಮನ್ನು ನೋಡಿ ಓಣಿಯವರೂ ತಗೊಂಡರು. ಜೋಳ ಬೀಸಿಸಲು ಬಂದವರು ಸುಗುಣನನ್ನು ಕೇಳಿಕೊಂಡು ಹೋಗುತ್ತಿದ್ದರು. ಬಸುರಿಯಾಗಿದ್ದಾಗಲೂ ಹಿಟ್ಟಿನ ಡಬ್ಬದ ಮೇಲೆ ಕೂತು, ಎಷ್ಟಕ್ಕೆ ಎಷ್ಟು ಬರುತ್ತದೆ ಅಂತ ಬೆರಳು ಮಡಿಸಿ ಹೇಳಿಕೊಡುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಹೊರಗೆ ಮಾತ್ರ, "ಸಾಕು ಬಾ, ಬೆನ್ನು ನೋಯುತ್ತೆ" ಅಂತ ಗದರುತ್ತಿದ್ದೆ.

ಹೆಣ್ಣು ಕೂಸು ಹುಟ್ಟಿತು. ಚಂಪಾ ಅಂತ ಹೆಸರಿಟ್ಟೆವು. ಕೂಸಿಗೆ ನಾಲ್ಕು ತಿಂಗಳು ತುಂಬಿದಾಗ ಖಜಾನೆ ಬರುವ ದಿನ ಬಂತು. ಸುಗುಣನ ಎರಡು ಬಿಲ್ಲುಗಳ ಅವಧಿ ಅವತ್ತಿಗೆ ಮುಗಿಯುತ್ತಿತ್ತು. ನನ್ನದು ಮುಂದಿನ ಸಲಕ್ಕೆ. ನಾನೇ ಹೋಗಿ ಅವಳದ್ದನ್ನೂ ಬಿಡಿಸಿಕೊಂಡು ಬರುತ್ತೇನೆ ಅಂದರೆ ಆಗುವಂತಿಲ್ಲ, ಹೆಸರಿದ್ದವರೇ ಹೋಗಬೇಕು. ಕೂಸನ್ನು ಒಳಗೆ ಕರಕೊಂಡು ಹೋಗುವುದು ಬೇಡ, ನೂಕುನುಗ್ಗಲು ಅಂತ ನಾನು ಎತ್ತಿಕೊಂಡು ಬಯಲಿನಲ್ಲಿ ನಿಂತೆ. ಸುಗುಣ ಮಧ್ಯಾಹ್ನ ಇಳಿದ ಮೇಲೆ, ಹಾಲು ಕುಡಿಸಿಯೇ ಒಳಗೆ ಹೋದಳು. "ಎದ್ದು ಅಳೋದ್ರೊಳಗೆ ಬಂದುಬಿಡ್ತೀನಿ ಅತ್ತೆ" ಅಂದಳು.

ಶಾಲೆ ಶುರುವಾಗುವ ಕಾಲ, ಊರಿಗೆ ಊರೇ ದುಡ್ಡು ಬಿಡಿಸಿಕೊಳ್ಳಲು ಬಂದಿತ್ತು. ಸಾಲು ಕರಗಲೇ ಇಲ್ಲ. ಹೊತ್ತು ಇಳಿಯಿತು. ಒಳಗೆ ಗಂಟೆ ಬಾರಿಸಿದರು. ಗಂಟೆ ಕೇಳಿದ ಮೇಲೆ ಏನೇ ಇದ್ದರೂ ಬಿಟ್ಟು ಹೊರಗೆ ಬರಬೇಕು, ಇದು ಊರಿನ ಕೂಸುಗಳಿಗೂ ಗೊತ್ತು. ಜನ ದಡದಡ ಹೊರಗೆ ಬಂದರು. ಸುಗುಣ ಬರಲಿಲ್ಲ. ಕಿಟಕಿಯಲ್ಲಿ ಕಂಡಳು. ಬಿಲ್ಲು ಒಳಗೆ ಹೋಗಿತ್ತು, ದುಡ್ಡು ಹೊರಗೆ ಬಂದಿರಲಿಲ್ಲ. ನನ್ನ ಕಡೆ ತಿರುಗಿ ಒಂದು ಬೆರಳೆತ್ತಿ, ಒಂದೇ ನಿಮಿಷ ಅಂತ ಸನ್ನೆ ಮಾಡಿದಳು. "ಬಿಟ್ಟು ಬಾರೇ! ಹಾಳಾಗಿ ಹೋಗಲಿ ದುಡ್ಡು, ಬಾ!" ಅಂತ ಕೂಗಿದೆ. ಅವಳು ಗುಮಾಸ್ತನ ಕಡೆ ತಿರುಗಿದಳು. ನನ್ನ ತೋಳಿನಲ್ಲಿದ್ದ ಕೂಸು ಎದ್ದು ಅಳಲು ಶುರುಮಾಡಿತು. ನಾನು ಒಂದು ಗಳಿಗೆ ಅದರ ಮುಖ ನೋಡಿದೆ, ಅಷ್ಟೇ. ತಲೆಯೆತ್ತಿದರೆ ಎದುರಿಗೆ ಬಯಲು. ಆ ಬದಿಯ ಬೇಲಿಯ ಹತ್ತಿರ ಯಾರದೋ ಆಡು ನಿಂತು ನನ್ನನ್ನೇ ನೋಡುತ್ತಿತ್ತು.

ಹಿಂದೆ ಹೀಗೆ ಆಗಿಲ್ಲ ಅಂತಲ್ಲ. ಕುಂಬಾರ ಬೋರಯ್ಯ ಒಮ್ಮೆ ಒಳಗಿನ ಬೆಂಚಿನ ಮೇಲೆ ನಿದ್ದೆ ಹೋಗಿ ಉಳಿದುಬಿಟ್ಟಿದ್ದ. ಮೂರು ತಿಂಗಳ ಮೇಲೆ ಆಕಳಿಸುತ್ತಾ ಹೊರಗೆ ಬಂದು, ಹೆಂಡತಿಯನ್ನು "ಸಾರು ಬಿಸಿ ಮಾಡಿದ್ದೀಯಾ?" ಅಂತ ಕೇಳಿದನಂತೆ. ಅದನ್ನು ಹೇಳಿಕೊಂಡು ಊರು ಈಗಲೂ ನಗುತ್ತದೆ. ಎಲ್ಲರೂ ನಮ್ಮ ಮನೆಗೆ ಬಂದು ಬೋರಯ್ಯನ ಕಥೆ ಹೇಳಿದರು. ಬೋರಯ್ಯನೇ ಬಂದು ಹೇಳಿದ: "ಏನೂ ಆಗಲ್ಲ ದ್ಯಾವಮ್ಮ. ಅಲ್ಲಿ ಒಂದು ರಾತ್ರಿ, ಸೊಳ್ಳೆನೂ ಇಲ್ಲ." ಮಾದೇಶ ತಲೆಯಾಡಿಸಿದ. ನಾನೂ ಆಡಿಸಿದೆ. ಆದರೆ ಬೋರಯ್ಯ ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗಿರಲಿಲ್ಲ.

ಎಮ್ಮೆ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದೆವು. ಕೂಸು ಉಗುಳಿತು. ಒಳಗೆ ಹೋದದ್ದೂ ನಿಲ್ಲಲಿಲ್ಲ, ಭೇದಿ ಹತ್ತಿಕೊಂಡಿತು. ಮೂರೇ ದಿನದಲ್ಲಿ ಕೆನ್ನೆ ಒಳಗೆ ಹೋಯಿತು, ಅಳುವುದಕ್ಕೂ ತ್ರಾಣವಿಲ್ಲದೆ ಬೆಕ್ಕಿನ ಮರಿಯ ಹಾಗೆ ಮುಲುಗತೊಡಗಿತು. ನಮ್ಮ ಗೋಡೆಯಾಚೆ ಮನೆ ಮೆಹಬೂಬಿಯದು. ಅವಳ ಗಂಡ ಸೈಕಲ್ ರಿಪೇರಿ ಮಾಡುತ್ತಾನೆ. ಅವಳಿಗೂ ಆಗ ಕೈಗೂಸು. ನಾಲ್ಕನೆಯ ದಿನ ಅವಳು ನಮ್ಮ ಅಡುಗೆಮನೆಗೆ ನೇರ ನಡೆದು ಬಂದು, ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡು, ಗೋಡೆ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಿಗೆ ಕೂಸು ಗುಟುಕರಿಸುವ ಸದ್ದು ಕೇಳಿಸಿತು. ನಾನು ಒಲೆ ಊದುತ್ತಾ ಕಣ್ಣೊರೆಸಿಕೊಂಡೆ. "ಹೊಗೆನಾ?" ಅಂದಳು. "ಹೂಂ, ಹೊಗೆ" ಅಂದೆ. ಅವತ್ತಿನಿಂದ ದಿನಾ ಬಂದಳು.

ಅಂತೂ ಮೂರು ತಿಂಗಳು ಕಳೆಯಿತು. ಖಜಾನೆ ಬರುವ ಬೆಳಿಗ್ಗೆ ಕೂಸಿಗೆ ಹೊಸ ಅಂಗಿ ಹಾಕಿ, ಕಣ್ಣಿಗೆ ಕಾಡಿಗೆ ತೀಡಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟೆ. ಮಾದೇಶ ಗಡ್ಡ ಕೆರೆದುಕೊಂಡು ಬಂದಿದ್ದ. ಸೆರಗಿನಲ್ಲಿ ನನ್ನ ಬಿಲ್ಲು ಕಟ್ಟಿಕೊಂಡಿದ್ದೆ. ಬಯಲಿನ ಅಂಚಿನಲ್ಲಿ ಜನ ಆಗಲೇ ಸೇರಿದ್ದರು. ಮೂಡಲು ಕೆಂಪಾಯಿತು. ಹೊತ್ತು ಹುಟ್ಟಿತು. ಬಯಲು ಬಯಲಾಗಿಯೇ ಇತ್ತು.

"ದಿನ ತಪ್ಪಿ ಬಂದ್ವೇನೋ" ಅಂತ ಯಾರೋ ಅಂದರು. ಇನ್ಯಾರೋ ಬೆರಳು ಮಡಿಸಿ ಎಣಿಸಿ, ಇವತ್ತೇ ಸರಿ ಅಂದರು. ಬಿಸಿಲೇರಿತು. ಕೂಸಿನ ಕಾಡಿಗೆ ಕರಗಿ ಕೆನ್ನೆಗಿಳಿಯಿತು. ನಾನು ನೆತ್ತಿಗೆ ಸೆರಗು ಹಾಕಿ ನಿಂತೇ ಇದ್ದೆ. ಹೊತ್ತು ಮುಳುಗುವವರೆಗೆ ನಿಂತೆವು. ಕೊನೆಗೆ ಆಡು ಕಾಯುವವರು ತಮ್ಮ ಆಡುಗಳನ್ನು ಬಯಲಿಗೆ ಬಿಡಬಹುದೋ ಬಾರದೋ ಅಂತ ನನ್ನನ್ನು ಬಂದು ಕೇಳಿದರು. ಖಜಾನೆಯೊಳಗೆ ಸೊಸೆಯನ್ನು ಇಟ್ಟುಕೊಂಡವಳು ನಾನೊಬ್ಬಳೇ ಆದ್ದರಿಂದ ಖಜಾನೆಗೂ ನಾನೇ ವಾರಸುದಾರಳು ಅನ್ನುವ ಹಾಗೆ. "ಇನ್ನೊಂದು ದಿನ ತಡೀರಪ್ಪ" ಅಂದೆ. ಮರುದಿನವೂ ಬರಲಿಲ್ಲ.

ಆಮೇಲೆ ಊರಿಗೆ ಹಿಡಿದದ್ದು ಜ್ವರ. ಮನೆಮನೆಯಲ್ಲೂ ಟ್ರಂಕು ತೆಗೆದು ಬಿಲ್ಲು ನೋಡಿ ಮತ್ತೆ ಮುಚ್ಚಿಡುವುದೇ ಕೆಲಸ. ಕಾಗದ ಗಟ್ಟಿಯಾಗಿಯೇ ಇತ್ತು, ಮುದ್ರೆ ಮಾಸಿರಲಿಲ್ಲ. ಆದರೆ ಬಿಡಿಸಿಕೊಡುವವರೇ ಇಲ್ಲದ ಮೇಲೆ ಅದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದೆ? ಹಗ್ಗ, ಗೋಣಿಚೀಲ ಮಾರುವ ರಾಚಪ್ಪ, ಮಾರಿದ್ದೇನೆ ಅಂತ ಬೆನ್ನಿಗೆ ಬರೆಸಿಕೊಂಡು ತನ್ನ ಹೆಸರಿಗೆ ಮಾಡಿಸಿಕೊಂಡು ಬಿಲ್ಲು ಕೊಳ್ಳುತ್ತಾನಂತೆ ಅಂತ ಸುದ್ದಿಯಾಯಿತು. ಹತ್ತು ಸಾವಿರದ ಬಿಲ್ಲಿಗೆ ಮೊದಲು ಒಂಬತ್ತು ಕೊಟ್ಟ. ಮಾರುವವರು ಹೆಚ್ಚಿದಂತೆ ಎಂಟಾಯಿತು, ಆರಾಯಿತು. ಹಿಂಗಾರು ಮಳೆ ಹಿಡಿಯುವ ಹೊತ್ತಿಗೆ ನಾಲ್ಕು. ಎಲ್ಲರಿಗೂ ಬಿಲ್ಲು ಹೇಳಿಕೊಟ್ಟವಳು ನಮ್ಮ ಸುಗುಣ. ಈಗ ಗಿರಣಿಗೆ ಬರುವವರು ಹಿಟ್ಟು ತಗೊಂಡು ಸುಮ್ಮನೆ ಹೋಗುತ್ತಿರಲಿಲ್ಲ. ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. "ನೀವು ಮಾರಿದ್ರಾ?" ಅಂತ ಕೇಳುವರು. "ಇಲ್ಲ" ಅಂದರೆ ಉಸಿರು ಬಿಟ್ಟು ಹೋಗುವರು.

ನಾನು ಯಾಕೆ ಮಾರಲಿಲ್ಲ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ಧೈರ್ಯ ಅಂತ ಊರಿನವರು ಅಂದುಕೊಂಡರು. ಧೈರ್ಯ ಎಲ್ಲಿಯದು? ಆ ಕಾಗದ ನಾಲ್ಕು ಸಾವಿರಕ್ಕೆ ಕೊಟ್ಟರೆ, ಖಜಾನೆ ಇನ್ನು ಬರುವುದಿಲ್ಲ ಅಂತ ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಖಜಾನೆ ಬರುವುದಿಲ್ಲ ಅಂದರೆ ಸುಗುಣ ಬರುವುದಿಲ್ಲ. ಅವಳ ತಲೆಗೆ ಒಂದು ಬೆಲೆ ಕಟ್ಟಿ ಹಗ್ಗದ ಅಂಗಡಿಯಲ್ಲಿ ಇಟ್ಟು ಬರುವುದು ನನ್ನಿಂದಾಗಲಿಲ್ಲ. ಅದರ ಜೊತೆಗೆ ಇನ್ನೊಂದು ಯೋಚನೆಯೂ ಇತ್ತು. ರಾಚಪ್ಪ ದಡ್ಡನಲ್ಲ. ಒಂದು ಗೇಣು ಹಗ್ಗವನ್ನೂ ಎಳೆದು ನೋಡದೆ ಕೊಳ್ಳುವವನಲ್ಲ. ಅವನು ದುಡ್ಡು ಸುರಿದು ಬಿಲ್ಲು ಕೊಳ್ಳುತ್ತಿದ್ದಾನೆ ಅಂದರೆ ಅವನಿಗೇನೋ ಗೊತ್ತಿರಬೇಕು. ರಾತ್ರಿ ನಿದ್ದೆ ಬಾರದಿದ್ದಾಗ ಆ ಯೋಚನೆಯನ್ನೇ ದಿಂಬು ಮಾಡಿಕೊಂಡು ಮಲಗುತ್ತಿದ್ದೆ.

ಮಾದೇಶ ಮಾತ್ರ ದಿನದಿಂದ ದಿನಕ್ಕೆ ಕುದಿಯುತ್ತಿದ್ದ. ಒಂದು ಮಧ್ಯಾಹ್ನ ಗಿರಣಿ ನಿಲ್ಲಿಸಿ ಬಂದು, ಮೈಮೇಲಿನ ಹಿಟ್ಟೂ ಕೊಡವದೆ ನನ್ನ ಮುಂದೆ ನಿಂತ.

"ಬಿಲ್ಲು ಕೊಡವ್ವ. ಮಾರ್ತೀನಿ."

"ಯಾಕೋ?"

"ರಾಜಧಾನಿಗೆ ಹೋಗ್ತೀನಿ. ಅಲ್ಲಿ ಖಜಾನೆಯ ದೊಡ್ಡ ಕಚೇರಿ ಇದೆಯಂತೆ. ನನ್ನ ಹೆಂಡತಿ ಎಲ್ಲಿ ಅಂತ ಕೇಳ್ತೀನಿ. ಬರಿಗೈಲಿ ಹೋದ್ರೆ ಬಾಗಿಲೊಳಕ್ಕೆ ಬಿಡ್ತಾರಾ?"

ಅವಳನ್ನು ಕಾಯುವುದಕ್ಕೆ ನಾನು ಬಿಲ್ಲು ಹಿಡಿದುಕೊಂಡಿದ್ದೆ. ಅವಳನ್ನು ಹುಡುಕುವುದಕ್ಕೆ ಅವನು ಅದನ್ನು ಮಾರು ಅನ್ನುತ್ತಿದ್ದ. ಯಾರದು ಸರಿ ಅಂತ ಯಾರು ಹೇಳಬೇಕು? "ನಾನೇ ಹೋಗಿ ಮಾರಿ ಬರ್ತೀನಿ, ಹೆಸರು ನಂದು" ಅಂದೆ.

ರಾಚಪ್ಪನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಣಿಚೀಲಗಳ ನಡುವೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಸೆರಗಿನ ಗಂಟು ಬಿಚ್ಚಿ ಬಿಲ್ಲನ್ನು ಅವನ ಮುಂದಿಟ್ಟೆ. ಅವನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

"ದ್ಯಾವಕ್ಕ, ಇದನ್ನ ಒಳಗಿಡಿ. ಯಾರಾದ್ರೂ ನೋಡ್ಯಾರು."

"ನೋಡಲಿ. ಮಾರೋಕೆ ಬಂದಿದ್ದೀನಿ."

"ನೀವು ಮಾರಬಾರದು." ಅವನು ಎದ್ದು ಬಂದು ಅಂಗಡಿಯ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದ. "ನೀವು ಮಾರಿಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ನಾನು ಕೊಳ್ತಿರೋದು. ಸೊಸೆ ಒಳಗಿದ್ದಾಳೆ, ದ್ಯಾವಕ್ಕಂಗೆ ಏನೋ ಸುಳಿವು ಸಿಕ್ಕಿರಬೇಕು, ಇಲ್ದಿದ್ರೆ ಇಷ್ಟೊತ್ತಿಗೆ ಮಾರಿರೋರು ಅಂತ ನಾನು ಮನೆಯೋಳ ಸರ ಕೂಡ ಒತ್ತೆ ಇಟ್ಟು ಕೊಂಡಿದ್ದೀನಿ."

"ಅಯ್ಯೋ ನಿನ್ನ! ನೀನು ಕೊಳ್ತಿದ್ದೀಯ ಅಂತ ತಾನೇ ನಾನು ಇಷ್ಟು ದಿನ ಮಾರದೆ ಕೂತಿದ್ದು. ರಾಚಪ್ಪಂಗೇನೋ ಗೊತ್ತು ಅಂದ್ಕೊಂಡು."

"ನನಗೇನು ಗೊತ್ತು?"

"ನನಗೇನು ಗೊತ್ತು ಮತ್ತೆ?"

ಹೊರಗೆ ಮಳೆ ಶುರುವಾಗಿತ್ತು. ಕಣ್ಣು ಕಾಣದವನ ಹೆಗಲ ಮೇಲೆ ಕೈಯಿಟ್ಟು ದಾರಿ ನಡೆದವಳಿಗೆ, ಅವನ ಕೈಯೂ ತನ್ನ ಹೆಗಲ ಮೇಲೇ ಇದೆ ಅಂತ ಗೊತ್ತಾದರೆ ಹೇಗಿರುತ್ತದೆ? ರಾಚಪ್ಪ ಮೆಲ್ಲಗೆ ಕೇಳಿದ: "ಮಾರ್ತೀರಾ ಅಕ್ಕ?" ನಾನು ಬಿಲ್ಲನ್ನು ಮಡಿಸಿ ಮತ್ತೆ ಸೆರಗಿಗೆ ಕಟ್ಟಿಕೊಂಡೆ. "ಈಗ ಮಾರಿದ್ರೆ ನೀನು ಬಾವಿಗೆ ಬೀಳ್ತೀಯ" ಅಂದೆ. ಅವನು ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

ಮಾದೇಶ ನನ್ನ ಮೇಲೆ ಕೂಗಾಡಿದ. ಮರುದಿನ ಜೋಳದ ಲಾರಿ ಹತ್ತಿ ಬರಿಗೈಯಲ್ಲೇ ರಾಜಧಾನಿಗೆ ಹೋದ. ಎರಡು ವಾರದ ಮೇಲೆ ಸೊರಗಿ ವಾಪಸು ಬಂದ. ಅಲ್ಲಿ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಅಟ್ಟಿದರಂತೆ. ಕೊನೆಗೆ ಒಬ್ಬ ಸಾಹೇಬರು, "ನಿಮ್ಮೂರಿನ ಖಜಾನೆ ಸರಿಯಾಗೇ ಕೆಲಸ ಮಾಡ್ತಿದೆ, ನಮಗೆ ಯಾವ ದೂರೂ ಬಂದಿಲ್ಲ" ಅಂದರಂತೆ. "ನಾನೇ ದೂರು ಸ್ವಾಮಿ" ಅಂದನಂತೆ ಇವನು. ಸಾಹೇಬರು ಊಟಕ್ಕೆ ಎದ್ದು ಹೋದರಂತೆ.

ಆಮೇಲೆ ಅವನು ಮಾತು ಬಿಟ್ಟ. ಗಿರಣಿಯ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲ ಅಂತ ಗಿರಣಿಯಲ್ಲೇ ಇರತೊಡಗಿದ. ನಮ್ಮ ನಾದಿನಿ ಒಂದು ದಿನ ಬಂದು, ತಮ್ಮ ಕಡೆ ಒಂದು ಹುಡುಗಿ ಇದೆ, ಅಡುಗೆ ಕೆಲಸ ಎಲ್ಲಾ ಬರುತ್ತದೆ, ಕೂಸಿಗೂ ಒಬ್ಬ ತಾಯಿ ಬೇಕಲ್ಲ ಅಂದಳು. ನಾನು ಬಾಗಿಲು ತೋರಿಸಿದೆ. ತೋರಿಸಿದೆ ನಿಜ. ಆದರೆ ಅವಳು ಹೇಳಿದ್ದನ್ನು ನನ್ನೊಳಗೇ ಯಾರೋ ಒಂದು ಗಳಿಗೆ ಕೂತು ಕೇಳಿಸಿಕೊಂಡಿದ್ದರು. ಅವತ್ತೇ ಕೂಸು ನನ್ನ ಮೂಗು ಹಿಡಿದು "ಅವ್ವ" ಅಂದಿತು. ಮೊದಲ ಮಾತು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನಲ್ಲ ಕಣೇ ನಿಮ್ಮವ್ವ" ಅಂದೆ. ಅದು ನಕ್ಕು ಇನ್ನೊಮ್ಮೆ ಅಂದಿತು.

ಮತ್ತೊಂದು ಮೂರು ತಿಂಗಳು ಮುಗಿಯಿತು. ಈ ಸಲ ದಿನ ಯಾವುದು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ತಪ್ಪಿಹೋಗುತ್ತದೆ ಅನ್ನುವ ಹಾಗೆ. ಆದರೂ ಹಿಂದಿನ ಸಂಜೆ ಯಾರೂ ಹೇಳದೆ ಮೆಣಸಿನಕಾಯಿ ಒಳಗೆ ಹೋಯಿತು, ಆಡುಗಳು ಕೊಟ್ಟಿಗೆ ಸೇರಿದವು. ನಾನು ಈ ಸಲ ಕೂಸಿಗೆ ಹೊಸ ಅಂಗಿ ಹಾಕಲಿಲ್ಲ, ಕಾಡಿಗೆಯನ್ನೂ ಹಚ್ಚಲಿಲ್ಲ. ಕಳೆದ ಸಲದ ಹಾಗೆ ಏನೂ ಮಾಡಬಾರದು ಅನ್ನಿಸಿತ್ತು. ಬಯಲಿಗೆ ಹೋಗುವಾಗ ದಾರಿಯೂ ಬೇರೆಯದೇ ಹಿಡಿದೆ. ಮಾದೇಶ ಬರುವುದಿಲ್ಲ ಅಂದ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ದೂರದಲ್ಲಿ ಬರುತ್ತಿದ್ದ. ರಾಚಪ್ಪ ಎಲ್ಲರಿಗಿಂತ ಮುಂಚೆ ಬಂದು, ಬಯಲಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದ.

"ಈ ಕಡೆ ತಿರುಗಿ ಕೂತಿದ್ದೀಯಲ್ಲ?" ಅಂದೆ.

"ನೋಡೋಕಾಗಲ್ಲ ಅಕ್ಕ. ಬಂದ್ರೆ ಹೇಳಿ."

ಬಂತು. ಅದು ಹೇಗೆ ಬರುತ್ತದೆ ಅಂತ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಅವತ್ತೂ ಕೂಸು ನನ್ನ ಬಳೆ ಎಳೆಯಿತು ಅಂತ ಕೆಳಗೆ ನೋಡಿ ತಲೆಯೆತ್ತಿದೆ. ಕಲ್ಲಿನ ಗೋಡೆ, ಹಸಿರು ಬಾಗಿಲು. ಜನರ ಕೂಗು ಕೇಳಿಯೇ ರಾಚಪ್ಪನಿಗೆ ಗೊತ್ತಾಯಿತು. ಅವನು ತಿರುಗಲಿಲ್ಲ. ಮೊಣಕಾಲಿನ ನಡುವೆ ಮುಖ ಹುದುಗಿಸಿಕೊಂಡು ಹಾಗೇ ಕೂತುಬಿಟ್ಟ.

ಬಾಗಿಲು ತೆಗೆಯುತ್ತಿದ್ದಂತೆ ಮೊದಲು ಹೊರಗೆ ಬಂದವಳು ಸುಗುಣ. ಹೋದಾಗ ಉಟ್ಟಿದ್ದ ಅದೇ ಸೀರೆ, ಮುದುಡಿತ್ತು, ಸೊಂಟದಲ್ಲಿ ದುಡ್ಡಿನ ಗಂಟು. ಎರಡೂ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಕುಪ್ಪಸ ನೆನೆದು ಅಂಟಿಕೊಂಡಿತ್ತು. ಓಡಿ ಬಂದಳು, ನನ್ನ ತೋಳಿನಲ್ಲಿ, ಬಟ್ಟೆ ಸುತ್ತಿದ ಕೂಸು ಇರಬೇಕಾದ ಜಾಗದಲ್ಲಿ, ಹುಡುಕಿದಳು.

"ಕೂಸೆಲ್ಲಿ ಅತ್ತೆ?"

ಕೂಸು ನನ್ನ ಸೊಂಟದ ಮೇಲೆಯೇ ಕೂತಿತ್ತು. ಲೆಕ್ಕ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಊರಿಗೆಲ್ಲ ಲೆಕ್ಕ ಹೇಳಿಕೊಟ್ಟವಳು ಅವಳು. ಗೊತ್ತಿದ್ದರೂ ಅವಳ ಕಣ್ಣು ಆ ಮುಖವನ್ನು ದಾಟಿ ಹಿಂದೆ ನಿಂತ ಮೆಹಬೂಬಿಯ ತೋಳಿನ ಕಡೆ ಹೋಯಿತು, ಮಾದೇಶನ ಕಡೆ ಹೋಯಿತು, ಅಲ್ಲೆಲ್ಲೂ ಇಲ್ಲದೆ ಮೆಲ್ಲಗೆ ವಾಪಸು ಬಂತು. ಬೆಳೆದ ಕೂದಲು, ದಪ್ಪ ಕಾಲು, ಕಾಲಿಗೆ ಕಟ್ಟಿದ ಗೆಜ್ಜೆ.

"ಒಂದು ರಾತ್ರಿ ಅಂದ್ಕೊಂಡೆ. ಬೆಳಿಗ್ಗೆ ಬಾಗಿಲು ತೆಗೀಲೇ ಇಲ್ಲ ಅತ್ತೆ. ಯಾರೋ ದೊಡ್ಡ ಸಾಹೇಬರು ತೀರಿಕೊಂಡ್ರು ಅಂತ ರಜೆ ಕೊಟ್ಟುಬಿಟ್ರು. ಕಾವಲುಗಾರ ಬುತ್ತಿ ತಂದುಕೊಟ್ಟ. ಹಿಂದಿನ ಬಾಗಿಲಿಂದ ಹೋಗು ಅಂದ. ಆ ಕಡೆ ಯಾವೂರೋ ಏನೋ, ಅಲ್ಲಿಂದ ಇಲ್ಲಿಗೆ ದಾರಿ ಇಲ್ಲವಂತೆ. ನಾನು ಕದಲಲಿಲ್ಲ. ಹಾಲು ಕಟ್ಟಿ ಜ್ವರ ಬಂತು. ಗೋಡೆಗೆ ತಲೆ ಚಚ್ಚಿಕೊಂಡೆ." ಅವಳು ಕೈ ಚಾಚಿದಳು. "ಕೊಡಿ ಅತ್ತೆ."

ಕೂಸು ಅವಳನ್ನು ನೋಡಿ, ನನ್ನ ಕುತ್ತಿಗೆಯಲ್ಲಿ ಮುಖ ಅಡಗಿಸಿಕೊಂಡು "ಅವ್ವಾ" ಅಂತ ಚೀರಿತು. ಸುಗುಣನ ಚಾಚಿದ ಕೈ ಚಾಚಿದ ಹಾಗೇ ಇತ್ತು. ಮಾದೇಶ ಬೇರೆ ಕಡೆ ಮುಖ ತಿರುಗಿಸಿದ. ಮೆಹಬೂಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ.

ನನಗೆ ಒಂದೇ ದಾರಿ ಕಂಡಿತು. ನಾನು ಎದುರಿಗೆ ಇರುವವರೆಗೆ ಅದು ಅವಳ ಹತ್ತಿರ ಹೋಗುವುದಿಲ್ಲ. ಕುತ್ತಿಗೆಗೆ ಬಿಗಿದಿದ್ದ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ತೋಳಿಗೆ ಹಾಕಿದೆ. "ಬಿಲ್ಲು ಬಿಡಿಸಿಕೊಂಡು ಬರ್ತೀನಿ" ಅಂತ ಹಿಂದೆ ನೋಡದೆ ಹಸಿರು ಬಾಗಿಲೊಳಗೆ ನಡೆದೆ.

ಸಾಲಿನಲ್ಲಿ ನಿಂತರೂ ಕಿವಿ ಹೊರಗಿತ್ತು. ಕೂಸು ಕಿರುಚುತ್ತಿತ್ತು. ಆ ಸದ್ದು ಸರಳಿನ ಕಿಟಕಿಯಿಂದ ಬಂದು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು, ನಾನು ಮತ್ತೆ ಸರಿ ಮಾಡಿ ನಿಲ್ಲಿಸುತ್ತಿದ್ದೆ. ಹೊತ್ತು ಇನ್ನೂ ಏರುತ್ತಿದ್ದರೂ ಎಲ್ಲಿ ಗಂಟೆ ಹೊಡೆಯುತ್ತದೋ ಅಂತ ಮತ್ತೆ ಮತ್ತೆ ಗುಮಾಸ್ತರ ಕಡೆ ನೋಡುತ್ತಿದ್ದೆ. ಮುಂದೆ ನಿಂತವರು ಮಾತಾಡಿಕೊಳ್ಳುತ್ತಿದ್ದರು. ನಾಲ್ಕು ಸಾವಿರಕ್ಕೆ ಮಾರಿದವನೂ ಒಬ್ಬ ಅಲ್ಲಿದ್ದ, ಹೊಸ ಬಿಲ್ಲು ಕೊಳ್ಳಲು ಬಂದಿದ್ದ.

ಕನ್ನಡಕದ ಗುಮಾಸ್ತ ನನ್ನ ಬಿಲ್ಲನ್ನು ತಿರುಗಿಸಿ ನೋಡಿದ. "ಇದು ನಿನ್ನೆಗೇ ಮುಗಿದಿತ್ತು ಅಜ್ಜಿ. ನಿನ್ನೆ ರಜೆ ಆಯ್ತಲ್ಲ, ಅದಕ್ಕೆ ಇವತ್ತು ಕೊಡ್ತೀವಿ. ಬಡ್ಡಿಗಿಡ್ಡಿ ಹೆಚ್ಚಿಗೆ ಬರಲ್ಲ."

"ಇಷ್ಟು ವರ್ಷ ನಿಮಗೆ ರಜೆನೇ ಇರಲಿಲ್ವಲ್ಲಪ್ಪ?"

"ವರ್ಷ ಎಲ್ಲಿ ಬಂತು ಅಜ್ಜಿ? ಭಾನುವಾರನೂ ಬಿಡದೆ ದುಡಿಸ್ತಾರೆ. ಈ ಕೆಲಸಕ್ಕೆ ಸೇರಿದ ಮೇಲೆ ನಿನ್ನೆ ಒಂದು ದಿನ ಮನೇಲಿ ಮಲಗಿದ್ದು." ಅವನ ಮುಖದಲ್ಲಿ ಒಳ್ಳೆ ನಿದ್ದೆ ಮಾಡಿದ ಕಳೆ ಇತ್ತು. ಬೈಯಬೇಕು ಅಂತ ತೆಗೆದ ಬಾಯಿ ಹಾಗೇ ಮುಚ್ಚಿಕೊಂಡೆ. "ಮತ್ತೆ ಹೊಸದು ತಗೋತೀರಾ?" ಅಂದ. ಆಗಲೇ ಹೊರಗಿನ ಅಳು ನಿಂತಿತು. ತಟ್ಟನೆ, ದಾರ ಕತ್ತರಿಸಿದ ಹಾಗೆ. ಯಾಕೆ ನಿಂತಿತು? ಉಸಿರು ಕಟ್ಟಿತೋ, ಸುಸ್ತಾಗಿ ಮಲಗಿತೋ, ಮೆಹಬೂಬಿ ಎತ್ತಿಕೊಂಡಳೋ? "ಬೇಡಪ್ಪ, ಕೈಗೇ ಕೊಟ್ಟುಬಿಡು" ಅಂದೆ. ಅವನು ಎಣಿಸುವಷ್ಟು ಹೊತ್ತು ನಾನು ಸರಳು ಹಿಡಿದುಕೊಂಡೇ ಇದ್ದೆ.

ಓಡಿ ಹೊರಗೆ ಬಂದೆ. ಖಜಾನೆಯ ಗೋಡೆಯ ನೆರಳಿನಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಸುಗುಣ ಕೂತಿದ್ದಳು. ಮೆಹಬೂಬಿ ಸೆರಗು ಹಿಡಿದು ಮರೆ ಮಾಡಿ ನಿಂತಿದ್ದಳು. ಮಾದೇಶ ಸ್ವಲ್ಪ ದೂರದಲ್ಲಿ ನೆಲ ನೋಡುತ್ತಾ ಕೂತಿದ್ದ. ನನ್ನ ಹೆಜ್ಜೆ ಸದ್ದಿಗೆ ಸುಗುಣ ತಿರುಗಲಿಲ್ಲ. ಅವಳ ಮೊಣಕೈಯ ಕೆಳಗಿನಿಂದ ಎರಡು ಪುಟ್ಟ ಪಾದ ಕಾಣುತ್ತಿದ್ದವು, ಒಂದು ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋಗಲೋ ಬೇಡವೋ ಅಂತ ನಿಂತೆ. ಇದ್ದಕ್ಕಿದ್ದ ಹಾಗೆ ಸುಗುಣ "ಹಾ!" ಅಂತ ಕೂಗಿ ಬೆನ್ನು ನೆಟ್ಟಗೆ ಮಾಡಿದಳು.

"ಏನಾಯ್ತೇ?" ಅಂತ ಓಡಿದೆ.

ಅವಳು ಮುಖ ಎತ್ತಿದಳು. ಕಣ್ಣಿಂದ ಧಾರೆ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು, ಎರಡೂ ಒಟ್ಟಿಗೆ.

"ಕಚ್ಚಿಬಿಟ್ಟಳು ಅತ್ತೆ" ಅಂದಳು. "ಹಲ್ಲು ಬಂದಿದೆ. ನೀವು ನನಗೆ ಹೇಳಲೇ ಇಲ್ಲ, ಹಲ್ಲು ಬಂದಿದೆ."